ಮಗಳು ಆ ಪುಡಿ ನೀರು ಕುಡಿದದ್ದು ಹೇಗೆ?

"ಅಮ್ಮಾ, ಕೆಂಪು ಬಂತು!"

ಬಾತ್‌ರೂಮಿನಿಂದ ಮಗಳು ಕೂಗಿದಾಗ ಕೈಲಿದ್ದದ್ದನ್ನು ಅಲ್ಲೇ ಬಿಟ್ಟು ಓಡಿದೆ.

ಮಲದಲ್ಲಿ ರಕ್ತ ಬರುತ್ತಿತ್ತು ಅಂತಲೇ ಮರುದಿನ ಮಂಗಳೂರಿನಲ್ಲಿ ಅವಳಿಗೆ ಕೊಲೊನೋಸ್ಕೋಪಿ ಇತ್ತು. ಒಳಗೆ ಕ್ಯಾಮೆರಾ ಬಿಟ್ಟು ನೋಡಲು ಕರುಳು ಪೂರ್ತಿ ಖಾಲಿಯಾಗಬೇಕು. ಡಾಕ್ಟರು ಒಂದು ಪುಡಿ ಕೊಟ್ಟು, ನೀರಿನಲ್ಲಿ ಕದಡಿ ಮನೆಯಲ್ಲೇ ಸ್ವಲ್ಪ ಸ್ವಲ್ಪ ಕುಡಿಸಿ, ಊಟ ಬೇಡ, ತಿಳಿಯಾದದ್ದು ಕುಡಿಯಬಹುದು ಅಂದಿದ್ದರು.

ಆ ಪುಡಿಯ ಮೇಲೆ ನನಗೆ ಮೊದಲಿಂದಲೂ ಡೌಟು. ಭಟ್ಕಳದಲ್ಲಿರುವ ಅಕ್ಕನ ಮಗನಿಗೆ ಇದೇ ಟೆಸ್ಟ್ ಆದಾಗ ಅಡ್ಮಿಟ್ ಮಾಡಿಕೊಂಡು ಮಾತ್ರೆ, ಎನಿಮಾ ಕೊಟ್ಟಿದ್ದರಂತೆ.

"ಮನೇಲೇ ಕುಡ್ಸಿ ಅಂದ್ನಾ? ಅವ ಎಂತ ಡಾಕ್ಟ್ರೇ?" ಅಂತ ಅಕ್ಕ ಫೋನಿನಲ್ಲಿ ತಲೆಗೆ ಹುಳ ಬಿಟ್ಟಿದ್ದಳು.

ಇನ್ನೊಂದು ವಿಚಿತ್ರ... ಮೊದಲ ಗುಟುಕಿಗೇ ಓಕರಿಸಿದ್ದ ಮಗಳು, ನಾನು ಅವಳನ್ನು ಅತ್ತೆಯ ಹತ್ತಿರ ಬಿಟ್ಟು, ದಾರಿಗೆ ಬೇಕಾದದ್ದು ತರಲು ನಮ್ಮ ಮಾವಿನಕುರ್ವೆಯಿಂದ ಹೊನ್ನಾವರ ಪೇಟೆಗೆ ಹೋಗಿ ಬರುವಷ್ಟರಲ್ಲಿ ಬಹುಪಾಲು ಕುಡಿದು ಮುಗಿಸಿದ್ದಳು. ಆ ಹಟಮಾರಿ ಇಷ್ಟು ಸಲೀಸಾಗಿ ಕುಡಿದಳೇ? ಅತ್ತೆ ಹಿತ್ತಿಲಿಗೆ ಚೆಲ್ಲಿರಬೇಕು ಅಂದುಕೊಂಡೆ.

ಈಗ ನೋಡಿದರೆ ಕೆಂಪು! ಪುಡಿಯೇ ಕರುಳು ಕೊಯ್ದಿದೆ, ಸಂಶಯವೇ ಇಲ್ಲ. ಡಾಕ್ಟರಿಗೆ ಫೋನ್ ಹಚ್ಚಿ ಬಾಯಿಗೆ ಬಂದಂತೆ ಕೂಗಾಡಿದೆ.

ಅವರು ಕೇಳಿದ್ದು ಒಂದೇ. ಕೆಂಪಗಿನದ್ದು ಏನಾದರೂ ಕುಡಿಸಿದಿರಾ?

ತಿರುಗಿ ನೋಡುತ್ತೇನೆ, ಅತ್ತೆ ಸೆರಗು ತಿರುವುತ್ತಾ ನಿಂತಿದ್ದಾರೆ.

"ಕೂಸು ಬಾಯಿಗೇ ಹಚ್ತಿರ್ಲಿಲ್ಲ. ಚೂರು ಮುರುಗಲ ಹಣ್ಣಿನ ಪಾನಕ ಬೆರ್ಸ್ದೆ. ತಿಳಿ ಇದ್ದದ್ದು ಕುಡೀಬಹುದು ಅಂದವ್ಳು ನೀನೇ ಅಲ್ದಾ? ಸೋಸೇ ಕೊಟ್ಟಿದ್ದೆ!"

ಅಯ್ಯೋ ದೇವರೇ, ಆ ಕಡುಗೆಂಪು ಪಾನಕ... ಸಿಟ್ಟು, ನಗು, ಅಳು ಎಲ್ಲ ಒಟ್ಟಿಗೇ ಬಂತು.

ಕೆಂಪು ಬಣ್ಣ ಒಳಗೆ ರಕ್ತದ ಹಾಗೇ ಕಾಣುತ್ತದೆ, ಉಳಿದದ್ದನ್ನು ಬರೀ ನೀರಲ್ಲೇ ಕೊಡಿ, ಆಮೇಲೂ ಕೆಂಪಾದರೆ ತಕ್ಷಣ ಹೊರಡಿ ಅಂದರು ಡಾಕ್ಟರು. ಅಕ್ಕನ ಮಗನ ವಿಷಯ ಕೇಳಿದ್ದಕ್ಕೆ, ಮಗುವಿನ ವಯಸ್ಸು, ತೂಕ ನೋಡಿ ಬೇರೆ ಬೇರೆ ವಿಧಾನ ಕೊಡುತ್ತಾರಂತೆ. ನಾನು ಅರ್ಧ ನಂಬಿದೆ.

ಉಳಿದದ್ದನ್ನು ಅತ್ತೆಯೇ ಕಥೆ ಹೇಳುತ್ತಾ ಕುಡಿಸಿದರು. ನಾನು ಪಕ್ಕದಲ್ಲೇ ಕಾವಲು ಕೂತೆ. ಸಂಜೆಯೊಳಗೆ ಕೆಂಪು ಹೋಗಿ ತಿಳಿ ನೀರು ಬಂತು.

ಮರುದಿನ ಕರುಳಲ್ಲಿ ರಕ್ತ ಬರಿಸುತ್ತಿದ್ದ ಸಣ್ಣ ಗಂಟು ಸಿಕ್ಕಿತು. ಅಲ್ಲೇ ತೆಗೆದರು. ಇಷ್ಟು ಚೆನ್ನಾಗಿ ಕ್ಲೀನ್ ಆಗಿದ್ದರಿಂದ ಸುಲಭವಾಗಿ ಕಂಡಿತು ಅಂದರು.

ಪುಡಿಯ ಮೇಲೆ, ಡಾಕ್ಟರ ಮೇಲೆ, ಅತ್ತೆಯ ಮೇಲೆ ಇದ್ದ ಡೌಟು ಮುಗಿಯಿತು. ಈಗ ಹೊಸದೊಂದು ಶುರುವಾಗಿದೆ...

ಆ ಮುರುಗಲ ಇಲ್ಲದಿದ್ದರೆ ನನ್ನ ಮಗಳು ಎರಡನೇ ಗುಟುಕು ಕುಡಿಯುತ್ತಿದ್ದಳೇ?