ದೇಸಾಯಿಯವರು ಮುಟ್ಟದ ದೋಸೆ

ಇವತ್ತು ಬೆಳಿಗ್ಗೆ ನನ್ನ ಗಲ್ಲಾದ ಪಕ್ಕದ ಟೇಬಲಿನಲ್ಲಿ ಯಾರೋ ಮಸಾಲೆ ದೋಸೆ ಬಿಡಿಸಿದರು. ಪಲ್ಯದ ಹಬೆ ನೇರ ನನ್ನ ಮೂಗಿಗೇ ಬಂತು. ಸಕ್ಕರೆಯಿಲ್ಲದ ಕಪ್ಪು ಕಾಫಿ ಗುಟುಕರಿಸಿ ಗಡಿಯಾರ ನೋಡಿದೆ. ಮಧ್ಯಾಹ್ನದವರೆಗೆ ನನಗೆ ಏನೂ ಇಲ್ಲ. ಯೆರವಡಾದಲ್ಲಿ ಇಷ್ಟು ವರ್ಷ ಊರಿಗೆಲ್ಲ ತಿಂಡಿ ಹಾಕಿದ ಹೋಟೆಲಿನವನೇ ಉಪವಾಸ ಕೂತಿದ್ದಾನೆಂದರೆ ನಿಮಗೂ ನಗು ಬರಬಹುದು. ನಗಿ, ನನ್ನ ಹೆಂಡತಿಯೂ ನಗುತ್ತಾಳೆ.

ಸಕ್ಕರೆ ಕಾಯಿಲೆ ಹೊಸ್ತಿಲಿಗೆ ಬಂದಿದೆ ಎಂದ ಡಾಕ್ಟರು, "ಒಮ್ಮೆಲೇ ಧುಮುಕಬೇಡಿ, ನಿಧಾನ," ಎಂದಿದ್ದರು. ಮೊದಲು ರಾತ್ರಿಯ ಊಟ ಬೇಗ ಮುಗಿಸಿದೆ. ಆಮೇಲೆ ಬೆಳಗಿನ ಇಡ್ಲಿಯನ್ನು ದಿನಕ್ಕಿಷ್ಟು ಮುಂದೂಡುತ್ತ ಬಂದೆ. ಶುರುವಿನಲ್ಲಿ ತಲೆನೋವು, ವಿನಾಕಾರಣ ಸಿಟ್ಟು. ಕ್ರಮೇಣ ಹಸಿವು ಬಂದು, ಸ್ವಲ್ಪ ಹೊತ್ತು ಕೂತು, ತಾನೇ ಎದ್ದು ಹೋಗುವುದನ್ನು ನೋಡಿದೆ. ಆದರೆ ಮೂಗಿನ ವಿಷಯ ಯಾರೂ ಹೇಳಿರಲಿಲ್ಲ. ಕಳೆದ ವಾರ ಚಟ್ನಿಯ ಪಾತ್ರೆ ಎದುರಿಗೆ ಹಾದುಹೋದಾಗ, "ಉಪ್ಪಿಲ್ಲ," ಅಂದುಬಿಟ್ಟೆ. ಅಡುಗೆಯ ಮಂಜಯ್ಯ ನೆಕ್ಕಿ ನೋಡಿದ. ಉಪ್ಪಿರಲಿಲ್ಲ. ಅವನು ನನ್ನ ಮುಖ ನೋಡಲಿಲ್ಲ, ಕುತ್ತಿಗೆ ನೋಡಿದ.

ಅವನಿಗೆ ನೆನಪಾದದ್ದು ದೇಸಾಯಿಯವರು. ನನಗೂ ಅವರೇ.

ಕೆಲವು ವರ್ಷಗಳ ಹಿಂದೆ, ಸುಡುಬೇಸಿಗೆಯಲ್ಲೂ ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು ಬರುತ್ತಿದ್ದರು. ಮೂಲೆಯ ಟೇಬಲಿನಲ್ಲಿ ಕೂತು ಮಸಾಲೆ ದೋಸೆ ತರಿಸಿ, ತಟ್ಟೆಯ ಮೇಲೆ ಬಾಗಿ ಕಣ್ಣು ಮುಚ್ಚುತ್ತಿದ್ದರು. ದೋಸೆ ತಣ್ಣಗಾದ ಮೇಲೆ ಎದ್ದು, ಬಿಲ್ಲು ಕೊಟ್ಟು, ಕೈಮುಗಿದು ಹೊರಡುತ್ತಿದ್ದರು. ಒಂದು ಚೂರೂ ಮುರಿದಿರುತ್ತಿರಲಿಲ್ಲ. ಸಪ್ಲೈಯರುಗಳು ಆ ಮೂಲೆಗೆ ಹೋಗಲು ಹಿಂಜರಿಯತೊಡಗಿದರು.

"ಅಣ್ಣಾ, ಅವರು ಬಿಟ್ಟ ದೋಸೆ ಮೂಸಿ ನೋಡಿ. ಪರಿಮಳವೇ ಇಲ್ಲ ಮಾರಾಯ್ರೆ!" ಎಂದ ಮಂಜಯ್ಯ.

ನಾನು ಬೈದೆ. ಬೈದವನೇ ಒಳಗೆ ಹೋಗಿ ಮೂಸಿಯೂ ನೋಡಿದೆ. ತಣ್ಣಗಾದ ದೋಸೆಗೆ ಪರಿಮಳ ಎಷ್ಟಿರುತ್ತದೆಂದು ನನಗೆ ಗೊತ್ತಿಲ್ಲವೇ? ಆದರೂ ಇನ್ನೊಮ್ಮೆ ಮೂಸಿದೆ.

ಒಂದು ದಿನ ಅವರು ಗಲ್ಲಾದ ಮೇಲೆ ಬಾಗಿ, ಗಾಳಿ ಸೋರುವಂಥ ದನಿಯಲ್ಲಿ, "ಇವತ್ತ ಪಲ್ಯಾಕ್ಕ ಉಪ್ಪ ಹಾಕೂದು ಮರತಾರ್ರಿ," ಎಂದರು. ಮರೆತದ್ದು ನಿಜವಾಗಿತ್ತು. ತಟ್ಟೆ ಮಾತ್ರ ಎಂದಿನಂತೆ ಹಾಗೇ ಇತ್ತು. ಉಪ್ಪಿಗೆ ವಾಸನೆ ಎಲ್ಲಿದೆ, ನೀವೇ ಹೇಳಿ.

"ತಿನ್ನದೆ ಹೇಗೆ ಗೊತ್ತಾಯಿತು?" ಎಂದೆ. ನಕ್ಕು, ಮಫ್ಲರ್ ಸರಿಮಾಡಿಕೊಂಡು ಹೋದರು.

ಆಮೇಲೆ ಬರುವುದು ನಿಂತಿತು. ಬಹಳ ದಿನಗಳಾದ ಮೇಲೆ ಒಬ್ಬ ಹೆಂಗಸು ಬಂದು, ಯಾರನ್ನೂ ಕೇಳದೆ ನೇರ ಆ ಮೂಲೆಗೇ ಹೋಗಿ ಕೂತರು. ದೋಸೆ ಬಂದಾಗ ಅದೇ ರೀತಿ ಬಾಗಿ ಕಣ್ಣು ಮುಚ್ಚಿದರು. ಒಳಗೆ ಮಂಜಯ್ಯನ ಸೌಟಿನ ಸದ್ದು ನಿಂತಿತು. ನಾನೇ ಹತ್ತಿರ ಹೋದೆ.

"ನಮ್ಮ ಯಜಮಾನ್ರು ಇಲ್ಲೇ ಕೂಡ್ತಿದ್ರಲ್ರೀ?" ಎಂದರು. "ಅವರಿಗೆ ಕುತ್ತಿಗಿ ಆಪರೇಶನ್ ಆಗಿ ಅನ್ನನಾಳ ಮುಚ್ಚಿತ್ರಿ. ಹೊಟ್ಟಿಗೆ ನಳಿಗಿ ಹಾಕಿ ಗಂಜಿ ಬಿಡ್ತಿದ್ವಿ. ಹೊಟ್ಟಿ ತುಂಬತದ, ಉಂಡಂಗ ಆಗೂದಿಲ್ಲ ಅಂತಿದ್ರು. ಅವರ ಮುಂದ ಉಣ್ಣಾಕ ಮನಸ್ಸ ಬರದ ನಾ ಮನ್ಯಾಗ ಒಗ್ಗರಣಿ ಹಾಕೂದ ಬಿಟ್ಟಿದ್ದೆ. ಅದಕ್ಕ ಇಲ್ಲಿ ಬರ್ತಿದ್ರು. ಮನಿಗೆ ಬಂದು ರುಚಿ ಹೆಂಗಿತ್ತಂತ ನನಗ ಹೇಳ್ತಿದ್ರು. ಹೋಗೂಮುಂದ, ಒಮ್ಮೆ ಹೋಗಿ ತಿಂದ ಬಾ, ನಾ ಹೇಳಿದ್ದು ಖರೇನ ನೋಡು ಅಂದ್ರು."

ಮುರಿದು ತಿಂದರು. ಕೊನೆಯ ಚೂರಿನವರೆಗೂ ತಿಂದರು. ಕಣ್ಣೀರು ಹರಿಯುತ್ತಿದ್ದರೂ ಕೈ ನಿಲ್ಲಲಿಲ್ಲ.

"ಅವರು ಹೇಳಿದ ಹಾಗೇ ಇದೆಯಾ ಅಮ್ಮಾ?" ಎಂದೆ.

"ಹೌದ್ರಿ. ಹಂಗ ಅದ."

ಇವತ್ತು ಮಧ್ಯಾಹ್ನವಾಯಿತು. ಇಷ್ಟು ಕಾಲ ಗಲ್ಲಾದಲ್ಲೇ ನಿಂತು, ಫೋನಿನಲ್ಲಿ ಮಾತಾಡುತ್ತ ಗಬಗಬ ನುಂಗಿದವನು ನಾನು. ಮಂಜಯ್ಯ ಅನ್ನ, ಸಾರು ತಂದಿಟ್ಟಾಗ ಫೋನು ಬದಿಗಿಟ್ಟು ಕೂತೆ. ಮೊದಲ ತುತ್ತು ಅಗಿದೆ. ನುಂಗುವ ಮುನ್ನ ಎಂದೂ ಇಲ್ಲದ ಭಯ; ಗಂಟಲು ಒಪ್ಪುತ್ತದೋ ಇಲ್ಲವೋ ಎಂಬಂತೆ ಕಾದೆ. ಇಳಿಯಿತು. ಎದೆಯ ನಡುವೆ ಬೆಚ್ಚಗೆ, ಎಲ್ಲಿಯವರೆಗೆ ಹೋಯಿತೆಂದು ಸ್ಪಷ್ಟವಾಗಿ ತಿಳಿಯುವಂತೆ, ಇಳಿಯಿತು.