ಮಿಲ್ಲಿನ ಅತ್ತೆಯ ಹೆಸರಿನ ಚೀಟಿ

ಮೊನ್ನೆ ಚಾಮರಾಜನಗರದ ನಮ್ಮ ಬೀದಿಯ ತುದಿಯಲ್ಲಿ ಹೊಸದಾಗಿ ಒಂದು ಫ್ಲೋರ್ ಮಿಲ್ ಶುರುವಾಯಿತು. ತರಕಾರಿ ಚೀಲ ಹಿಡಿದು ಅದರ ಮುಂದೆ ಹಾದು ಬರುವಾಗ ಆಗತಾನೆ ಬೀಸಿದ ರಾಗಿಹಿಟ್ಟಿನ ಬಿಸಿ ವಾಸನೆ ಮೂಗಿಗೆ ಬಡಿಯಿತು. ಬೇರೆಯವರಿಗೆ ಆ ವಾಸನೆಗೆ ಹಸಿವಾಗುತ್ತದೇನೋ, ನನಗೆ ಸಿಟ್ಟು ಬಂತು. ಇಷ್ಟು ವರ್ಷವಾದರೂ ಆರದ ಸಿಟ್ಟು. ಮನೆಗೆ ಬಂದು ಚೀಲವನ್ನು ಮೂಲೆಗೆ ಒಗೆದು ಪೆನ್ನು ಹಿಡಿದು ಕೂತೆ. ಮಿಲ್ಲಿನ ಅತ್ತೆ...

ಗುಂಡ್ಲುಪೇಟೆಯಲ್ಲಿ ನಮ್ಮ ಮನೆಗೂ ಅವರ ಮಿಲ್ಲಿಗೂ ನಡುವೆ ಒಂದೇ ಗೋಡೆ. ರಕ್ತಸಂಬಂಧವೇನೂ ಇರಲಿಲ್ಲ. ಬೀದಿಯ ಮಕ್ಕಳೆಲ್ಲ ಅತ್ತೆ ಎನ್ನುತ್ತಿದ್ದೆವು, ಅಷ್ಟೆ. ಬೇಗೂರಿನಿಂದ ಮದುವೆಯಾಗಿ ಬಂದವರು, ಗಂಡ ಹೋದ ಮೇಲೆ ಮಿಲ್ಲನ್ನು ತಾವೇ ನಡೆಸಿದರು. ಬೀಳುತ್ತಿರುವ ಹಿಟ್ಟನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡಿ ಬೀಸುವ ಕಲ್ಲನ್ನು ಬಿಗಿ ಮಾಡುತ್ತಿದ್ದರು. ಸೀರೆ, ರೆಪ್ಪೆ, ಕಿವಿಯ ಓಲೆ ಎಲ್ಲದರ ಮೇಲೂ ತೆಳ್ಳಗೆ ಹಿಟ್ಟು ಕೂತಿರುತ್ತಿತ್ತು. ಬಾಯಿ ಮಾತ್ರ ಬಲು ಜೋರು. ಕಲ್ಲು ಆರಿಸದ ರಾಗಿ ತಂದವರಿಗೆ ಮುಲಾಜಿಲ್ಲದೆ ಬೈದು ವಾಪಸು ಕಳಿಸುತ್ತಿದ್ದರು.

ಬಿ.ಎಡ್. ಮುಗಿಸಿದ ವರ್ಷ ನನಗೆ ಕಾಯಿಲೆ ಶುರುವಾಯಿತು. ನಿದ್ದೆ ಇಲ್ಲ. ಸ್ನಾನಕ್ಕೆ ಏಳಲು ಮನಸ್ಸಿಲ್ಲ. ಹೊಸ್ತಿಲು ದಾಟಿದರೆ ಎದೆ ಹೊಡೆದುಕೊಂಡು, ಈಗಲೇ ಸತ್ತೆ ಅನ್ನಿಸುತ್ತಿತ್ತು. ಹತ್ತಿರದ ಡಾಕ್ಟರು ‘ನರ ವೀಕಾಗಿದೆ’ ಎಂದು ಟಾನಿಕ್ಕು ಬರೆದರು. ಅಮ್ಮ ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆದುಕೊಂಡು ಹೋಗಿ ಹರಕೆ ಹೊತ್ತಳು, ಯಾರ ಹತ್ತಿರವೋ ತಾಯತ ಕಟ್ಟಿಸಿದಳು. ಅಪ್ಪ ಗೂಡ್ಸ್ ಆಟೊ ಓಡಿಸುತ್ತಿದ್ದರು. ಒಮ್ಮೆ ಮೈಸೂರಿಗೆ ಕರೆದುಕೊಂಡು ಹೋಗಿ ಮನೋವೈದ್ಯರಿಗೆ ತೋರಿಸಿದರು. ಹದಿನೈದು ದಿನಕ್ಕೊಮ್ಮೆ ಬರಬೇಕು ಎಂದರು ಅವರು. ಫೀಸು, ಮಾತ್ರೆ, ಬಸ್ಸು ಎಲ್ಲ ಸೇರಿದರೆ ಅಪ್ಪನ ಒಂದು ವಾರದ ದುಡಿಮೆ. ಎರಡನೇ ಸಲ ಹೋಗುವ ದಿನ ಬಂದಾಗ ಅಪ್ಪ ನನ್ನ ಮುಖ ನೋಡದೆ, “ಮುಂದಿನ ವಾರ ಹೋಗನ ಕಣಮ್ಮ” ಎಂದರು. ಆ ಮುಂದಿನ ವಾರ ಬರಲೇ ಇಲ್ಲ.

ಅಪ್ಪನನ್ನು ಬೈಯಲಾರೆ. ಹಲ್ಲು ಕೀಳುವವರು, ಕಣ್ಣು ನೋಡುವವರು ನಮ್ಮೂರಲ್ಲೇ ಸಿಗುತ್ತಿದ್ದರು. ಮನಸ್ಸು ಕೆಟ್ಟರೆ ಮಾತ್ರ ಒಂದು ದಿನದ ಕೂಲಿ ಬಿಟ್ಟು ಬಸ್ಸು ಹತ್ತಬೇಕು. ಅದು ಯಾರಿಗೂ ಅನ್ಯಾಯ ಅನ್ನಿಸಲೇ ಇಲ್ಲ. ನನ್ನಂಥವಳು ರೂಮಿನೊಳಗೆ ಬಾಗಿಲು ಹಾಕಿಕೊಂಡು ಬಿದ್ದಿದ್ದರೆ ಊರಿಗೇನು ನಷ್ಟ?

ಅತ್ತೆಗೆ ಗೋಡೆಯಾಚೆಯಿಂದ ನಾನು ಅಳುವುದು ಕೇಳಿಸುತ್ತಿತ್ತಂತೆ. ಒಂದು ಬೆಳಿಗ್ಗೆ ಬಂದು, ಅಮ್ಮನನ್ನು ಕೇಳದೆಯೇ ನನ್ನ ರಟ್ಟೆ ಹಿಡಿದು ಮಿಲ್ಲಿಗೆ ಎಳೆದುಕೊಂಡು ಹೋದರು. ಮೂಟೆಯ ಮೇಲೆ ಕೂರಿಸಿ ಮೋಟಾರು ಹಾಕಿದರು. ಕಿವಿಯ ಹತ್ತಿರ ಬಗ್ಗಿ, “ಈಗ ಅತ್ಬುಡು. ಮಿಲ್ಲು ಓಡ್ವಾಗ ಯಾರ್ಗೂ ಕೇಳ್ಸಾಕಿಲ್ಲ” ಎಂದರು. ನಾನು ಬಾಯಿಬಿಟ್ಟು ಅತ್ತುಬಿಟ್ಟೆ. ಎಷ್ಟು ದಿನ ಹಾಗೆ ಹೋಗಿ ಅತ್ತಿದ್ದೇನೋ... ಬೀಸುವ ಧಾನ್ಯ ಮುಗಿದರೂ ಕೆಲವು ಸಲ ಅವರು ಮೋಟಾರು ನಿಲ್ಲಿಸುತ್ತಿರಲಿಲ್ಲ.

ಚಾಮರಾಜನಗರದ ಒಂದು ಆಸ್ಪತ್ರೆಯಲ್ಲಿ ವಾರಕ್ಕೊಂದು ದಿನ ಮನಸ್ಸಿನ ಡಾಕ್ಟರು ಕೂರುತ್ತಾರೆ, ಮಾತ್ರೆಗೂ ದುಡ್ಡು ತೆಗೆದುಕೊಳ್ಳುವುದಿಲ್ಲ ಎಂದು ಪತ್ತೆ ಹಚ್ಚಿದವರೂ ಅವರೇ. ಅಮ್ಮ ಒಪ್ಪಲಿಲ್ಲ. ಆಗಲೇ ನನಗೆ ಗಂಡು ನೋಡುತ್ತಿದ್ದರು. ಹುಚ್ಚಿನ ಡಾಕ್ಟರ ಹತ್ತಿರ ಹೋದಳು ಎಂದು ಗೊತ್ತಾದರೆ ಯಾರು ಬರುತ್ತಾರೆ ಎಂಬ ಭಯ. ಅತ್ತೆ ಬೀದಿಗೆಲ್ಲ ಕೇಳುವಂತೆ, “ಮಿಲ್ಗೆ ಬೆಲ್ಟ್ ತರಾಕೆ ಓಯ್ತಾವ್ನಿ, ಜೊತ್ಗೆ ಕೂಸ್ನ ಕಳ್ಸವ್ವ” ಎಂದು ಕೂಗಿ ನನ್ನನ್ನು ಬಸ್ಸು ಹತ್ತಿಸಿದರು. ತೆರಕಣಾಂಬಿ ದಾಟುವವರೆಗೂ ನನ್ನ ಕೈ ಬಿಡಲಿಲ್ಲ.

ಆಸ್ಪತ್ರೆಯ ಚೀಟಿ ಕೊಡುವ ಕಿಟಕಿಯ ಮುಂದೆ ಉದ್ದ ಸಾಲು. ಒಳಗಿದ್ದವನು ಪ್ರತಿಯೊಬ್ಬರ ಹೆಸರು ಕೇಳಿ, ಯಾವ ಡಾಕ್ಟರು ಎಂದು ಕೇಳಿ, ಅದನ್ನು ಗಟ್ಟಿಯಾಗಿ ತಿರುಗಿ ಹೇಳಿಕೊಂಡೇ ಬರೆಯುತ್ತಿದ್ದ. ನಮ್ಮ ಸರದಿ ಹತ್ತಿರ ಬಂದಾಗ ಹಿಂದೆ ತಿರುಗಿ ನೋಡಿದೆ. ಹರದನಹಳ್ಳಿಯ ಒಬ್ಬ ಹೆಂಗಸು ನಿಂತಿದ್ದಳು, ನನಗೆ ಗಂಡು ತೋರಿಸುತ್ತಿದ್ದ ದಲ್ಲಾಳಿಯ ತಂಗಿ. ತಟ್ಟನೆ ಮುಖ ತಿರುಗಿಸಿಕೊಂಡು ಅತ್ತೆಯ ರಟ್ಟೆ ಹಿಡಿದೆ. “ಹೆಸರು?” ಎಂದ ಕಿಟಕಿಯವನು. ಅತ್ತೆ ನನ್ನನ್ನು ಪಕ್ಕಕ್ಕೆ ತಳ್ಳಿ ಕಿಟಕಿಯೊಳಗೆ ಕೈ ತೂರಿಸಿ, “ನಂಗೇ ಕಣಪ್ಪ, ನನ್ ತಲೇನೇ ಕೆಟ್ಟಿರಾದು. ಬರ್ಕೊ” ಎಂದು ತಮ್ಮ ಹೆಸರು, ತಮ್ಮ ವಯಸ್ಸು ಹೇಳಿದರು. ಹಿಂದಿನವಳು ಅತ್ತೆಯ ಮುಖವನ್ನು ಒಮ್ಮೆ ನೋಡಿ ಒಂದು ಹೆಜ್ಜೆ ಹಿಂದೆ ಸರಿದಳು.

ಡಾಕ್ಟರಿಗೆ ಅತ್ತೆ ನಿಜ ಹೇಳಿದರು. ಆ ಡಾಕ್ಟರು ಒಳ್ಳೆಯವರು. ನನ್ನ ಮಾತು ಪೂರ್ತಿ ಕೇಳಿದರು, ಇದು ಕಾಯಿಲೆ, ವಾಸಿಯಾಗುತ್ತದೆ ಎಂದರು. “ಬೇರೆಯವರ ಹೆಸರಲ್ಲಿ ಮಾತ್ರೆ ತಗೊಳ್ಳೋದು ತಪ್ಪು. ಹೋಗೋ ಮೊದಲು ಹೆಸರು ಸರಿ ಮಾಡಿಸಿಕೊಳ್ಳಿ” ಎಂದು ಎರಡೆರಡು ಸಲ ಎಚ್ಚರಿಸಿದರು. ನಾವು ಹೂಂ ಎಂದು ತಲೆಯಾಡಿಸಿ, ಕಿಟಕಿಯ ಕಡೆ ಹೋಗದೆ ನೇರ ಬಸ್ ಸ್ಟ್ಯಾಂಡಿಗೆ ನಡೆದೆವು. ಮುಂದಿನ ತಿಂಗಳು ಬೇರೆ ಡಾಕ್ಟರಿದ್ದರು, ಹಳೆಯ ಚೀಟಿ ನೋಡಿ ತಲೆಯೆತ್ತದೆ ಅದೇ ಮಾತ್ರೆ ಬರೆದರು, ನಾವೂ ಹೇಳಲಿಲ್ಲ. ಚೀಟಿಗಳೆಲ್ಲ ಸೇರಿ ಒಂದು ಫೈಲಾಯಿತು. ಅಷ್ಟರಲ್ಲಿ ಅಮ್ಮನಿಗೂ ಎಲ್ಲ ಹೇಳಿದ್ದೆವು. ನಮ್ಮ ಮನೆಯಲ್ಲಿಟ್ಟರೆ ಬಂದವರ ಕಣ್ಣಿಗೆ ಬಿದ್ದೀತು ಎಂದು ಅಮ್ಮ ಅದನ್ನು ಅತ್ತೆಯ ಮನೆಗೇ ಕಳಿಸಿದಳು. ಅತ್ತೆ ತಮ್ಮ ಸಕ್ಕರೆ ಕಾಯಿಲೆಯ ಚೀಟಿಗಳ ಜೊತೆ ಬಟ್ಟೆ ಅಂಗಡಿಯ ಕವರೊಂದರಲ್ಲಿ ಹಾಕಿ ಮೊಳೆಗೆ ನೇತುಹಾಕಿದರು.

ಎರಡು ತಿಂಗಳಿಗೆ ನಾನು ನಿದ್ದೆ ಮಾಡತೊಡಗಿದೆ. ಆರು ತಿಂಗಳಿಗೆ ಖಾಸಗಿ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಶಾಲೆಗೆ ರಜೆ ಸಿಗದ ತಿಂಗಳು ಅತ್ತೆಯೇ ಹೋಗಿ ಮಾತ್ರೆ ತರುತ್ತಿದ್ದರು. ಹರದನಹಳ್ಳಿಯವಳು ಸುಮ್ಮನಿರುತ್ತಾಳೆಯೇ? ಸುದ್ದಿ ನಮ್ಮ ಬೀದಿಗೆ ಬಂತು. ಮಿಲ್ಲಿನವಳಿಗೆ ತಲೆ ಕೆಟ್ಟಿದೆಯಂತೆ, ಹಿಟ್ಟಿಗೆ ಏನು ಬೆರೆಸುತ್ತಾಳೋ ಏನೋ ಎಂದು ಹೆಂಗಸರು ಇನ್ನೊಂದು ಮಿಲ್ಲಿಗೆ ಹೋಗತೊಡಗಿದರು. ನಲ್ಲಿಯ ಹತ್ತಿರ ಯಾರೋ ಅಮ್ಮನನ್ನು ಕೇಳಿದರು, ನಿಜವಾ ಎಂದು. ನನ್ನ ಅಮ್ಮ, ಎಲ್ಲ ಗೊತ್ತಿದ್ದ ಅಮ್ಮ, “ಹೂಂ ಕಣಕ್ಕ, ಪಾಪ” ಎಂದಳು. ನಾನು ಕಿಟಕಿಯ ಒಳಗಿನಿಂದ ಕೇಳಿಸಿಕೊಂಡೆ. ಹೊರಗೆ ಬಂದು ಒಂದು ಮಾತೂ ಆಡಲಿಲ್ಲ. ಅಮ್ಮನ ಮೇಲಿನ ಸಿಟ್ಟಿನಲ್ಲಿ ನನ್ನ ಪಾಲೂ ಇದೆ.

ಅತ್ತೆ ನಕ್ಕರು. ಜನ ಕಡಿಮೆಯಾದರೆ ಮೋಟಾರಿಗೂ ರೆಸ್ಟು ಎಂದರು. ಆ ನಗುವನ್ನು ನಾವು ಅನುಕೂಲಕ್ಕೆ ತಕ್ಕಂತೆ ನಂಬಿಬಿಟ್ಟೆವು.

ಎರಡನೇ ವರ್ಷದ ಬೇಸಿಗೆ. ಬೆಳಿಗ್ಗೆ ಮೂಟೆ ಎತ್ತುವಾಗ ಅತ್ತೆಗೆ ಎದೆ ಹಿಡಿದುಕೊಂಡಿತಂತೆ. ಮೈಯೆಲ್ಲ ಬೆವರು, ಎಡಗೈ ಸೆಳೆತ. ಬೇಗೂರಿನಿಂದ ಬಂದಿದ್ದ ಅವರ ತಮ್ಮ, ನಮ್ಮ ಕಡೆ ಎಲ್ಲರೂ ಮಾಡುವಂತೆ, ಮೊಳೆಯಲ್ಲಿದ್ದ ಚೀಟಿಗಳ ಕವರನ್ನೇ ಎತ್ತಿಕೊಂಡು ಅವರನ್ನು ಆಟೊದಲ್ಲಿ ಒಂದು ನರ್ಸಿಂಗ್ ಹೋಮಿಗೆ ಕರೆದೊಯ್ದರು. ಅಲ್ಲಿದ್ದ ಡಾಕ್ಟರ್ ಕವರು ಬಿಚ್ಚಿದ. ಮೇಲೆಯೇ ಇತ್ತು ನನ್ನ ಫೈಲು. ಎಷ್ಟು ವರ್ಷದಿಂದ ಈ ಮಾತ್ರೆ ತಗೊಳ್ತಿದ್ದೀಯಮ್ಮ ಎಂದು ಕೇಳಿದನಂತೆ. ಅತ್ತೆ, ಎರಡು ವರ್ಷದಿಂದ ಎಂದರಂತೆ. ಅಷ್ಟೆ. ಇಸಿಜಿ ಇಲ್ಲ, ರಕ್ತಪರೀಕ್ಷೆ ಇಲ್ಲ. ನಿಮಗೆ ಟೆನ್ಷನ್, ಮನಸ್ಸಿನದೇ ತೊಂದರೆ ಎಂದು ಒಂದು ಇಂಜೆಕ್ಷನ್ ಕೊಟ್ಟು, ಮಾತ್ರೆ ಬಿಡಬೇಡಿ ಎಂದು ಬುದ್ಧಿ ಹೇಳಿ ಕಳಿಸಿದ. ಹುಚ್ಚಿಗೆ ಎದೆ ಇರುವುದಿಲ್ಲ ಎಂದುಕೊಂಡಿದ್ದನೇನೋ ಆ ಪುಣ್ಯಾತ್ಮ.

ಮಧ್ಯಾಹ್ನ ಶಾಲೆಯಿಂದ ಬಂದಾಗ ಮಿಲ್ಲಿನ ಬಾಗಿಲು ಅರ್ಧ ಮುಚ್ಚಿತ್ತು. ಅತ್ತೆ ಮೂಟೆಗೆ ಒರಗಿ ಕೂತಿದ್ದರು. ಮುಖ ಹಿಟ್ಟಿನಂತೆಯೇ ಬಿಳಿಚಿಕೊಂಡಿತ್ತು. ನಡೆದದ್ದೆಲ್ಲ ಅವರೇ ಹೇಳಿದರು.

“ಆ ಫೈಲು ನನ್ನದು ಅಂತ ಹೇಳ್ಬೇಕಿತ್ತಲ್ಲ ಅತ್ತೆ! ಏಳಿ, ಹೋಗಿ ಹೇಳೋಣ” ಎಂದೆ.

“ಸೋಮ್ವಾರ ನಿನ್ನ ನೋಡಾಕೆ ಗಂಡಿನೋರು ಬತ್ತಾವ್ರೆ. ಆ ಡಾಕ್ಟ್ರು ಆಸ್ಪತ್ರೇಲಿ ಇರಾರೆಲ್ಲ ನಮ್ಮೂರೋರೇ. ಸುಮ್ಕಿರು ಕಣಮ್ಮಿ.”

ಸುಮ್ಮನಿದ್ದೆ. ಇನ್ನೊಮ್ಮೆ ಬರೆಯುತ್ತೇನೆ: ನಾನು ಸುಮ್ಮನಿದ್ದೆ. ನಾಳೆ ಬೆಳಿಗ್ಗೆ ಚಾಮರಾಜನಗರಕ್ಕೆ ಹೋಗೋಣ ಎಂದು ಹೇಳಿ, ಕುಡಿಯಲು ನೀರು ಕೊಟ್ಟು, ಮನೆಗೆ ಹೋಗಿ ಮಕ್ಕಳ ನೋಟ್ಸು ತಿದ್ದಿದೆ. ಸಂಜೆ ದೀಪ ಹಚ್ಚುವ ಮೊದಲು ಅವರ ತಮ್ಮ ಗೋಡೆ ಬಡಿದರು. ಅಷ್ಟರಲ್ಲಿ ಮುಗಿದಿತ್ತು.

ತಲೆ ಸರಿಯಿರಲಿಲ್ಲ, ಹೋದದ್ದೇ ಒಳ್ಳೆಯದಾಯಿತು ಎಂದರು ಬೀದಿಯವರು. ಸೋಮವಾರ ಗಂಡಿನವರು ಬಂದರು. ಉಪ್ಪಿಟ್ಟು ತಿಂದರು, ಕಾಫಿ ಕುಡಿದರು, ಹುಡುಗಿ ಸ್ವಲ್ಪ ಕಪ್ಪು ಎಂದು ಹೇಳಿ ಕಳಿಸಿದರು.

ಅತ್ತೆಯ ಹೆಸರನ್ನು ಇಲ್ಲಿ ಎಲ್ಲೂ ಬರೆದಿಲ್ಲ. ಆ ಹೆಸರನ್ನು ಎರಡು ವರ್ಷ ಬಳಸಿಕೊಂಡವಳು ನಾನು, ಇನ್ನು ಬಳಸುವ ಹಕ್ಕು ನನಗಿಲ್ಲ.

ಈಗ ಚಾಮರಾಜನಗರದಲ್ಲೇ ಟೀಚರ್ ಕೆಲಸ, ಬಾಡಿಗೆ ಮನೆ. ಮಾತ್ರೆ ದಿನಕ್ಕೆ ಒಂದಕ್ಕೆ ಇಳಿದಿದೆ. ಪ್ರತಿ ಸಲ ಆಸ್ಪತ್ರೆಯ ಅದೇ ಕಿಟಕಿಯ ಮುಂದೆ ನನ್ನ ಹೆಸರನ್ನು, ನನ್ನ ತಂದೆಯ ಹೆಸರನ್ನು ಸಾಲಿನ ಕೊನೆಯವರಿಗೂ ಕೇಳುವಂತೆ ಹೇಳುತ್ತೇನೆ. ಹಾಗೆ ಹೇಳಿದಾಗಲೆಲ್ಲ ಯಾರಿಗೋ ಹೊಡೆದಷ್ಟು ಸಮಾಧಾನವಾಗುತ್ತದೆ.

ಕಳೆದ ವಾರವೂ ಹೇಳಿದೆ. ಚೀಟಿ ಹಿಡಿದು ತಿರುಗಿದಾಗ ಹಿಂದೆ ಒಬ್ಬ ತಾಯಿ ಮಗಳನ್ನು ಸೆರಗಿನ ಮರೆಯಲ್ಲಿ ನಿಲ್ಲಿಸಿಕೊಂಡಿದ್ದಳು. ಹುಡುಗಿಗೆ ಇಪ್ಪತ್ತೂ ಇರಲಿಕ್ಕಿಲ್ಲ. ತಾಯಿ ನನ್ನ ಕಿವಿಯ ಹತ್ತಿರ ಬಂದು ಪಿಸುಗುಟ್ಟಿದಳು: “ಅಕ್ಕ, ಚೀಟೀನ ಬ್ಯಾರೆ ಹೆಸ್ರಲ್ಲಿ ಬರ್ಸ್‌ಬೋದಾ?”

“ಬೇಡ!” ಎಂದು ಕಿರುಚಿಬಿಟ್ಟೆ. ಇಷ್ಟು ವರ್ಷದ ಸಿಟ್ಟೆಲ್ಲ ಆ ಒಂದು ಮಾತಿನಲ್ಲಿ ಹೊರಗೆ ಬಂತು. ಇಡೀ ಸಾಲು ತಿರುಗಿ ನೋಡಿತು. ತಾಯಿ ಬೆಚ್ಚಿ, ಮಗಳ ಕೈ ಹಿಡಿದುಕೊಂಡು ಸರಸರನೆ ಗೇಟಿನ ಕಡೆ ನಡೆದಳು. ಚಪ್ಪಲಿ ಜಾರುತ್ತಿದ್ದರೂ ಹಿಂದೆ ಓಡಿದೆ, ನಿಲ್ಲಿ ಅಂತ ಕೂಗಿದೆ, ನಾನೇ ಜೊತೆಗೆ ಕೂರುತ್ತೇನೆ ಎಂದೆ. ಅವರು ರಸ್ತೆ ದಾಟಿ ಆಟೊ ಹತ್ತಿದರು. ಹುಡುಗಿ ಒಮ್ಮೆ ಮಾತ್ರ ತಿರುಗಿ ನೋಡಿದಳು.

ನಾನು ಹೇಳಿದ್ದು ಸರಿಯೇ. ಆದರೆ ಆ ದಿನ ಆ ಹುಡುಗಿಗೆ ಮಿಲ್ಲಿನ ಅತ್ತೆ ಸಿಗಲಿಲ್ಲ, ನಾನು ಸಿಕ್ಕೆ.