ಟೈಲರಮ್ಮ ನೇರ ಮಾಡಿಸಿದ ರಸ್ತೆ

ನೂಲಿನ ಗಿರಣಿ ಬಂದ ಮೇಲೆಯೇ ಆ ಬಯಲಿಗೆ ಜನ ಬಂದದ್ದು. ರೈಲು ಹಳಿಯ ಪಕ್ಕ ಮುಳ್ಳುಕಂಟಿ ಕಡಿದು ಮೊದಲು ಮನೆ ಹಾಕಿಕೊಂಡವರಲ್ಲಿ ಟೈಲರಮ್ಮನೂ ಒಬ್ಬಳು. ಗಂಡ ಗಿರಣಿಯ ಪಾಳಿಗೆ ಹೋದರೆ, ಅವಳು ಬಾಗಿಲ ಬಳಿ ಮಷೀನು ಹಾಕಿಕೊಂಡು ಕೆಲಸಗಾರರ ಖಾಕಿ ಅಂಗಿ ಹೊಲಿಯುತ್ತಿದ್ದಳು. ಜನ ಹೆಚ್ಚಿದರು, ಅಂಗಡಿಗಳೆದ್ದವು, ಬಸ್ಸು ಬಂತು. ಬಸ್ಸಿನ ಹಿಂದೆಯೇ ಸೈಟು ಮಾರುವ ಸಾಹುಕಾರನೂ ಬಂದ.

ಬಯಲನ್ನೆಲ್ಲ ಅಳೆಸಿ ಸುಣ್ಣದ ಗೆರೆ ಎಳೆಸಿದ. ದೊಡ್ಡ ರಸ್ತೆಯ ಗೆರೆ ನೆಟ್ಟಗೆ ಬಂದು, ಅವನ ಸ್ವಂತ ಜಾಗ ಸಿಕ್ಕಿದ್ದೇ ಸೊಂಟ ತಿರುಗಿಸಿ, ಟೈಲರಮ್ಮನ ಮನೆಯ ಮೇಲೆ ಹಾದುಹೋಯಿತು. ಗಂಡ ಪಾಳಿಯಲ್ಲಿದ್ದಾಗ ಸಾಹುಕಾರ ಆಳುಗಳೊಂದಿಗೆ ಬಂದ.

"ಅಣ್ಣಾ, ಎರಡು ದಿನ ತಡೀರಿ, ಮಗೂಗೆ ಜ್ವರ" ಎಂದು ಅವಳು ಗೋಗರೆದಳು.

"ಊರು ಕಟ್ಟೋವಾಗ ಇಂಥ ಗೂಡು ನೋಡ್ಕೊಂಡು ಕೂರೋಕಾಗತ್ತೇನಮ್ಮಾ?" ಎಂದು ನಕ್ಕ. ಸಂಜೆಯೊಳಗೆ ಮನೆ ನೆಲಸಮವಾಯಿತು.

ಆ ನಗು ಅವಳ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು. ಹಳಿಯಾಚೆ ಬಾಡಿಗೆ ಕೋಣೆ ಹಿಡಿದರು. "ಆಗಿದ್ದಾಯ್ತು, ಬಿಟ್ಟಾಕೇ" ಎಂದ ಗಂಡ. ಅವಳು ಬಿಡಲಿಲ್ಲ. ಊರಿನ ಹೆಂಗಸರ ರವಿಕೆಗೆ ಅಳತೆ ತೆಗೆಯುತ್ತಲೇ ಮನೆಮನೆಯ ಕಷ್ಟ ಕೇಳಿದಳು. ನಲ್ಲಿ ಬಾರದ ಬೀದಿಯವರನ್ನು ಕಟ್ಟಿಕೊಂಡು ಕಚೇರಿಯ ಮೆಟ್ಟಿಲು ಸವೆಸಿದಳು. ಊರು ಬೆಳೆದು ಪುರಸಭೆಯಾದಾಗ ಆ ಹೆಂಗಸರೇ ಅವಳನ್ನು ಗೆಲ್ಲಿಸಿದರು.

ಅಷ್ಟರಲ್ಲಿ ಲಾರಿ, ಬಸ್ಸು ವಿಪರೀತವಾಗಿ ಆ ತಿರುವಿನಲ್ಲಿ ಜನ ಸಾಯತೊಡಗಿದ್ದರು. "ರಸ್ತೆ ನೇರ ಆಗ್ಬೇಕು" ಎಂದು ಅವಳು ಸಭೆಯಲ್ಲಿ ಪಟ್ಟು ಹಿಡಿದಳು. ಮಾತು ನ್ಯಾಯದ್ದೇ, ಯಾರಿಗೂ ಅಲ್ಲಗಳೆಯಲಾಗಲಿಲ್ಲ. ನೇರ ಮಾಡಿದರೆ ರಸ್ತೆ ಸಾಹುಕಾರ ತನ್ನ ಆ ಜಾಗದಲ್ಲಿ ಕಟ್ಟಿಸಿದ್ದ ಮಹಡಿ ಮನೆಯನ್ನು ಸೀಳಿಕೊಂಡೇ ಹೋಗಬೇಕಿತ್ತು. ಅವಳಿಗೆ ಬೇಕಾಗಿದ್ದದ್ದೂ ಅದೇ.

ಮುದುಕನಾಗಿದ್ದ ಸಾಹುಕಾರ ಕೋಲೂರಿಕೊಂಡು ಅವಳ ಹೊಲಿಗೆ ಅಂಗಡಿಗೇ ಬಂದ. "ತಾಯೀ, ಈ ವಯಸ್ಸಲ್ಲಿ ನನ್ನ ಬೀದಿಗೆ ತರಬೇಡಿ. ಒಂಚೂರು ಬಗ್ಸಿ."

"ಮೊದಲು ಬಗ್ಸಿದ್ದು ಯಾರು? ನಾನ್ಯಾರು ಗೊತ್ತಾ?"

ಅವನು ಕಣ್ಣು ಕಿರಿದು ಮಾಡಿ ನೋಡಿದ. ಗೊತ್ತಾಗಲಿಲ್ಲ. ಅವನು ಕೆಡವಿಸಿದ ಎಷ್ಟೋ ಮನೆಗಳಲ್ಲಿ ಅವಳದೂ ಒಂದು, ಅಷ್ಟೇ. ಇಷ್ಟು ವರ್ಷ ಅವನ ಮುಖ ನೆನೆದೇ ಮಲಗಿದ್ದವಳ ಮೈಯೆಲ್ಲ ಉರಿದುಹೋಯಿತು. ಅವನನ್ನು ತಿರುವಿನವರೆಗೂ ನಡೆಸಿಕೊಂಡು ಹೋಗಿ ರಸ್ತೆಯಂಚಿನಲ್ಲಿ ನಿಲ್ಲಿಸಿದಳು. "ನೋಡಿ, ಅಲ್ಲಿ ನನ್ನ ಒಲೆ ಇತ್ತು. ಇಲ್ಲಿ ಜ್ವರದ ಮಗು ಮಲಗಿತ್ತು. ನೀವು ನಕ್ಕಿದ್ದು ಇದೇ ಜಾಗದಲ್ಲಿ."

ಮುದುಕ ಕೈ ಮುಗಿದ. "ತಪ್ಪಾಯ್ತಮ್ಮಾ."

"ಈ ಮಾತು ಕೇಳಬೇಕಿತ್ತು, ಕೇಳಿದೆ. ಹೋಗಿ ಸಾಮಾನು ತೆಗೆಸಿ."

ಸಾಹುಕಾರನ ಮನೆ ಒಡೆದ ದಿನ ಅವಳ ಗಂಡ ನೋಡಲಾಗದೆ ಅಲ್ಲಿಂದ ಹೊರಟುಹೋದ. ಅವಳು ಮಾತ್ರ ಕೊನೆಯ ಗೋಡೆ ಉರುಳುವವರೆಗೂ ಧೂಳು ನುಂಗುತ್ತ ನಿಂತಿದ್ದಳು. ಇವತ್ತಲ್ಲ ನಾಳೆ ಇವಳ ಮನಸ್ಸು ಮರುಗೀತು ಎಂದು ಗಂಡ ಬಹಳ ಕಾಲ ಕಾದ. ಮರುಗಲಿಲ್ಲ.